ಒಂದು ಸೆಟ್ ಕಮ್ಮಿ

ನನ್ನ ಹತ್ತಿರ ವ್ಯಾಯಾಮ ಕಲಿಯಲು ಹೊಸದಾಗಿ ಬಂದವರು ಮೊದಲ ದಿನ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಸರ್, ನೀವು ಎಷ್ಟು ಕೆಜಿ ಇಳಿಸಿದ್ರಿ? ಎಷ್ಟು ದಿನದಲ್ಲಿ?’

ಮೊದಲೆಲ್ಲ ಚುಟುಕಾಗಿ ಹೇಳಿಬಿಡುತ್ತಿದ್ದೆ. 16 ಕೆಜಿ, 7 ತಿಂಗಳು. ಕೇಳಿದವರ ಮುಖ ಅರಳುತ್ತಿತ್ತು. ನನಗೂ ಒಳಗೊಳಗೇ ಖುಷಿ. ಅದು ಸುಳ್ಳೇನಲ್ಲ. ಆದರೆ ಪೂರ್ತಿ ಲೆಕ್ಕ ಹೀಗಿದೆ: 94ರಿಂದ 78ಕ್ಕೆ ಇಳಿದೆ. ಮುಂದಿನ ಒಂದೂವರೆ ವರ್ಷದಲ್ಲಿ 78ರಿಂದ 89ಕ್ಕೆ ಹತ್ತಿದೆ. ಅಲ್ಲಿಂದ 82ಕ್ಕೆ ಬರಲು ಎರಡು ವರ್ಷ ಹಿಡಿಯಿತು. ಈಗ ಐದು ವರ್ಷದಿಂದ ಅದರ ಆಸುಪಾಸಿನಲ್ಲೇ ಇದ್ದೇನೆ. ಈ ಲೆಕ್ಕ ಹೇಳಿದರೆ ಯಾರ ಮುಖವೂ ಅರಳುವುದಿಲ್ಲ. ಆದರೂ ಈಗ ಇದನ್ನೇ ಹೇಳುತ್ತೇನೆ. ಕೆಲವರು ಮಾರನೆಯ ದಿನದಿಂದ ಬರುವುದಿಲ್ಲ. ಇರಲಿ.

ಶುರುವಾಗಿದ್ದು ಶೂ ಲೇಸಿನಿಂದ. ಆಗ ನನಗೆ 34. ದಿನವಿಡೀ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಒಂದು ಬೆಳಿಗ್ಗೆ ಲೇಸ್ ಕಟ್ಟಲು ಬಗ್ಗುವಾಗ ಗಮನಕ್ಕೆ ಬಂತು, ಬಗ್ಗುವ ಮೊದಲು ನಾನು ಉಸಿರು ಎಳೆದು ಹಿಡಿದುಕೊಳ್ಳುತ್ತಿದ್ದೇನೆ. ನೀರಲ್ಲಿ ಮುಳುಗು ಹಾಕುವವರ ಹಾಗೆ. ಎಡಗಾಲಿನ ಲೇಸ್ ಕಟ್ಟಿ, ಮೇಲೆ ಬಂದು, ಉಸಿರು ಬಿಟ್ಟು, ಮತ್ತೆ ಮುಳುಗಿ ಬಲಗಾಲಿನದು. ಎಷ್ಟು ತಿಂಗಳಿಂದ ಹೀಗೆ ನಡೆದಿತ್ತೋ ಏನೋ. ಹೊಟ್ಟೆ ಬಂತು, ದೇಹ ಅದಕ್ಕೊಂದು ಉಪಾಯ ಹುಡುಕಿಕೊಂಡಿತು, ನನಗೆ ಹೇಳಲಿಲ್ಲ ಅಷ್ಟೇ.

ಓಡಲು ಶುರು ಮಾಡಿದೆ. ಮೊದಲ ದಿನ ಹತ್ತು ನಿಮಿಷ ಓಡಿ, ಹತ್ತು ನಿಮಿಷ ಕೂತೆ. ಮೂರನೇ ವಾರಕ್ಕೆ ಅರ್ಧ ಗಂಟೆ ನಿಲ್ಲದೆ ಓಡುತ್ತಿದ್ದೆ. ಉಸಿರು ಅಷ್ಟು ಬೇಗ ಸುಧಾರಿಸಿದ್ದು ನೋಡಿ ತಲೆ ತಿರುಗಿತು. ವಾರಕ್ಕೆ ಆರು ದಿನ ಓಡಿದೆ. ಎರಡನೇ ತಿಂಗಳು ಮೊಣಕಾಲಿನ ಕೆಳಗೆ, ಮೂಳೆಯ ಒಳಬದಿ ಒತ್ತಿದರೆ ಜೀವ ಹೋಗುವ ಹಾಗೆ ನೋವು. ಶಿನ್ ಸ್ಪ್ಲಿಂಟ್ ಅಂತಾರೆ, ಹೊಸ ಓಟಗಾರರಿಗೆ ಬರುವ ಮಾಮೂಲಿ ತೊಂದರೆ. ಉಸಿರು, ಸ್ನಾಯು ಬೇಗ ಒಗ್ಗುತ್ತವೆ. ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟಿರುವ ಟೆಂಡನ್, ಇವು ನಿಧಾನದ ಆಸಾಮಿಗಳು. ಎದೆ ‘ಆಗುತ್ತೆ, ನಡಿ’ ಅನ್ನುವಾಗ ಕಾಲು ಇನ್ನೂ ತಯಾರಾಗಿರುವುದಿಲ್ಲ. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಆಗ ಗೊತ್ತಿದ್ದದ್ದು ಒಂದೇ, ಜಾಸ್ತಿ ಮಾಡಿದರೆ ಜಾಸ್ತಿ ಸಿಗುತ್ತೆ.

ಕಾಲು ಓಡಲು ಬಿಡದಿದ್ದರೆ ಕೈ ಇದೆಯಲ್ಲ ಅಂತ ಜಿಮ್ ಸೇರಿದೆ. ಅಲ್ಲಿ ಇನ್ನೂ ದೊಡ್ಡ ಅಮಲು ಕಾದಿತ್ತು. ತೂಕ ಎತ್ತುವ ಕಬ್ಬಿಣದ ಸರಳಿಗೆ ಬಾರ್ ಅಂತಾರೆ. ಪ್ರತಿ ವಾರ ಆ ಬಾರಿಗೆ ಒಂದಿಷ್ಟು ತೂಕ ಏರಿಸುತ್ತಿದ್ದೆ, ಪ್ರತಿ ವಾರ ಅದು ಮೇಲೆ ಬರುತ್ತಿತ್ತು. ಮೊದಲ ಕೆಲವು ವಾರ ಏರುವ ಬಲದಲ್ಲಿ ಸ್ನಾಯು ದಪ್ಪವಾಗಿದ್ದಕ್ಕಿಂತ, ಇರುವ ಸ್ನಾಯುವನ್ನು ಬಳಸಲು ಮಿದುಳು ಕಲಿತದ್ದೇ ಜಾಸ್ತಿ. ಎಲ್ಲ ಹೊಸಬರಿಗೂ ಹೀಗೇ ಆಗುತ್ತದೆ. ನಾನು ಮಾತ್ರ ಇದು ನನ್ನ ಹುಟ್ಟುಗುಣ ಅಂದುಕೊಂಡೆ. ಊಟ ಕಮ್ಮಿ ಮಾಡಿದೆ, ನಿದ್ದೆಯನ್ನೂ ಕಮ್ಮಿ ಮಾಡಿದೆ. 7ನೇ ತಿಂಗಳು ತೂಕದ ಯಂತ್ರ 78 ತೋರಿಸಿತು.

ಆ ಜಿಮ್‌ನವರು ನನ್ನ ಎರಡು ಫೋಟೋ ಅಕ್ಕಪಕ್ಕ ಇಟ್ಟು ಗೋಡೆಗೆ ಹಾಕಿದರು. ಮೊದಲನೆಯದರಲ್ಲಿ ಹೊಟ್ಟೆ ಬಿಟ್ಟುಕೊಂಡು, ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದೇನೆ. ಎರಡನೆಯದರಲ್ಲಿ ದೀಪದ ಕೆಳಗೆ ನಿಲ್ಲಿಸಿ ತೆಗೆದಿದ್ದರು. ಹೊಟ್ಟೆಯ ಗೆರೆ ಕಾಣಲಿ ಅಂತ ಅದರಲ್ಲೂ ಉಸಿರು ಹಿಡಿದಿದ್ದೆ, ನೋಡಿದವರಿಗೆ ಗೊತ್ತಾಗುವುದಿಲ್ಲ.

ಫೋಟೋ ಹಾಕಿ ಆರು ವಾರ ಆಗಿತ್ತು. ಅವತ್ತು ಪುಸ್ತಕದಲ್ಲಿ ಬರೆದುಕೊಂಡಿದ್ದು ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ಬಾರನ್ನು ನೆಟ್ಟಗೆ ನಿಲ್ಲುವವರೆಗೆ ಎತ್ತುವುದು. 4 ಸೆಟ್, ಒಂದೊಂದು ಸೆಟ್ಟಿಗೆ ಐದೈದು ಸಲ. ನಾಲ್ಕನ್ನೂ ಮುಗಿಸಿದೆ. ನಾಲ್ಕನೆಯದರ ಕೊನೆಯ ಎರಡು ಚೆನ್ನಾಗಿರಲಿಲ್ಲ, ನನಗೇ ಗೊತ್ತಿತ್ತು. ಪಕ್ಕದಲ್ಲಿ ಒಬ್ಬ ಹುಡುಗ ನಿಂತು ನೋಡುತ್ತಿದ್ದ. ಗೋಡೆಯ ಮೇಲಿನ ಫೋಟೋ ನೋಡಿದ, ನನ್ನನ್ನು ನೋಡಿದ. ಐದನೇ ಸೆಟ್ಟಿಗೆ ಬಗ್ಗಿದೆ.

ಮೂರನೇ ಸಲ ಎತ್ತುವಾಗ ಬಾರು ಮಂಡಿ ದಾಟುತ್ತಿತ್ತು. ಸೊಂಟದ ಹತ್ತಿರ, ಬಿಗಿದ ಹಗ್ಗ ಜಾರಿದ ಹಾಗಾಯಿತು. ಸದ್ದೇನೂ ಬರಲಿಲ್ಲ. ಬಾರು ಕೆಳಗಿಟ್ಟೆ, ನೆಟ್ಟಗೆ ನಿಂತೆ, ಹುಡುಗನಿಗೆ ನಕ್ಕೆ. ಬಾರಿನ ತೂಕದ ಪ್ಲೇಟುಗಳನ್ನು ತೆಗೆದಿಡಲು ಆಗಲಿಲ್ಲ, ಬೇಕಂತಲೇ ಬಿಟ್ಟುಹೋದವನ ಹಾಗೆ ಹೊರಗೆ ನಡೆದೆ.

ಮಾರನೆಯ ಬೆಳಿಗ್ಗೆ ಡಾಕ್ಟರ ಹತ್ತಿರ ಹೊರಟಾಗ ಬಗ್ಗಲು ಆಗಲೇ ಇಲ್ಲ. ಅಪ್ಪ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಲೇಸ್ ಕಟ್ಟಿದರು. ಆಗ ಅವರಿಗೆ 66. ಜಿಮ್ಮಿನ ಬಾಗಿಲು ಕಂಡವರಲ್ಲ. ಏನೋ ಮಾತಾಡುತ್ತಲೇ ಎರಡೂ ಕಾಲಿನದು ಕಟ್ಟಿ, ಕೈ ಊರದೆ ಎದ್ದರು. ಏನು ಮಾತಾಡಿದರು ಅನ್ನುವುದು ನೆನಪಿಲ್ಲ. ಉಸಿರು ಹಿಡಿಯಲಿಲ್ಲ ಅನ್ನುವುದು ನೆನಪಿದೆ.

ಡಾಕ್ಟರು ಪರೀಕ್ಷೆ ಮಾಡಿ, ಹೆದರುವಂಥದ್ದೇನಿಲ್ಲ, ಮಲಗಬೇಡಿ, ಓಡಾಡಿಕೊಂಡಿರಿ ಅಂದರು. ನಾನು ಮಲಗಿದೆ. ನೋವು ಮೂರು ವಾರಕ್ಕೆ ಹೋಯಿತು, ಭಯ ಹೋಗಲಿಲ್ಲ. ಆಮೇಲಿನ ತಿಂಗಳುಗಳ ಬಗ್ಗೆ ಹೇಳಲು ಏನೂ ಇಲ್ಲ. ಕೂತೆ, ತಿಂದೆ, ನಾಳೆಯಿಂದ ಅಂದೆ.

89 ಆದಮೇಲೆ ಅದೇ ಜಿಮ್ಮಿಗೆ ಮತ್ತೆ ಹೋದೆ. ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು ನೋಡಿಕೊಂಡು. ಫೋಟೋ ಇನ್ನೂ ಅಲ್ಲೇ ಇತ್ತು. ಅದರ ಕೆಳಗಿದ್ದ ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದೆ. ಹೊಸ ಹೆಂಗಸೊಬ್ಬರು ಬಂದರು, ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಏನೂ ಕೇಳಲಿಲ್ಲ. ಅವರ ಆ ಮರ್ಯಾದೆಗೆ ಇವತ್ತಿಗೂ ಋಣಿ. ಅವತ್ತೇ ಆ ಫೋಟೋ ತೆಗೆಸಿದೆ.

ಅಲ್ಲಿ ಹೊಸದಾಗಿ ಸೇರಿದ್ದ ಕೋಚ್ ಒಬ್ಬರಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಮ್ಮಿ. ನನ್ನ ಹಳೆಯ ಪುಸ್ತಕ ಇಸಿದುಕೊಂಡು ಪುಟ ತಿರುವಿದರು. ವಾರಕ್ಕೆ ಆರು ದಿನ, ದಿನಕ್ಕೆ ಒಂಬತ್ತು ಬಗೆ. ‘ಇದರಲ್ಲಿ ಯಾವುದನ್ನ ತೆಗೆದರೆ ನಿಮಗೆ ಹೊಟ್ಟೆ ಉರಿಯುತ್ತೆ?’ ಅಂತ ಕೇಳಿದರು. ಎರಡು ತೋರಿಸಿದೆ. ಅವೆರಡನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಗೆರೆ ಎಳೆದರು. ಆಮೇಲೆ ತಮ್ಮ ಕಡೆಯಿಂದ ಒಂದು ಸೇರಿಸಿದರು, ನಡಿಗೆ.

ಮೊದಲ ದಿನ ಬರೀ ಬಾರು ಕೊಟ್ಟರು. ಅದರ ತೂಕವೇ 20 ಕೆಜಿ, ಆದರೆ ಎರಡೂ ಕಡೆ ಪ್ಲೇಟಿಲ್ಲದ ಬಾರು ನೋಡಲು ಬೋಳು ಬೋಳು. ಒಂದು ಕಾಲಕ್ಕೆ 130 ಎತ್ತಿದವನು ಬೋಳು ಬಾರಿನ ಮುಂದೆ ನಿಂತಾಗ ಏನನಿಸುತ್ತೆ ಅನ್ನುವುದು ಹಾಗೆ ನಿಂತವರಿಗೇ ಗೊತ್ತು. ಮೂರು ಸೆಟ್ ಮಾಡಿಸಿ ಸಾಕು ಅಂದರು.

‘ಇನ್ನೊಂದು ಸೆಟ್ ಆಗುತ್ತೆ ಮೇಡಂ.’

‘ಗೊತ್ತು. ಅದಕ್ಕೇ ಸಾಕು.’

ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಒಂದೆರಡು ತಿಂಗಳು ದಿನಾ ಬಂತು. ದಣಿಯದೆ ಮನೆಗೆ ಹೋದರೆ ಏನೋ ಕದ್ದುಕೊಂಡು ಹೋದ ಹಾಗನಿಸುತ್ತಿತ್ತು. ಆದರೆ ಒಂದು ದಿನವೂ ತಪ್ಪಿಸಿಕೊಳ್ಳಬೇಕು ಅನಿಸಲಿಲ್ಲ. ಮೊದಲಿನ ಆರು ದಿನದ ಕಾಲದಲ್ಲಿ ಪ್ರತಿ ಬೆಳಿಗ್ಗೆ ನನ್ನ ಜೊತೆ ನಾನೇ ಜಗಳವಾಡಿ ಏಳುತ್ತಿದ್ದೆ.

ಅವರೇ ಒಮ್ಮೆ ಥಾಮಸ್ ಡಿಲೋರ್ಮ್ ಹೆಸರು ಹೇಳಿದರು. ಎರಡನೇ ಮಹಾಯುದ್ಧದ ಹೊತ್ತಿನ ಅಮೆರಿಕದ ಸೇನಾ ಡಾಕ್ಟರು. ಹುಡುಗನಾಗಿದ್ದಾಗ ರುಮ್ಯಾಟಿಕ್ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಆಮೇಲೆ ತೂಕ ಎತ್ತುತ್ತಾ ದೇಹ ಕಟ್ಟಿಕೊಂಡವರು. ಅದನ್ನೇ ಮಂಡಿಗೆ ಪೆಟ್ಟಾದ ಸೈನಿಕರ ಮೇಲೆ ಪ್ರಯೋಗಿಸಿ 1945ರಲ್ಲಿ ಪ್ರಬಂಧ ಬರೆದರು. ಹಗುರ ತೂಕವನ್ನು ಲೆಕ್ಕವಿಲ್ಲದಷ್ಟು ಸಲ ಎತ್ತಿಸುತ್ತಿದ್ದ ಕಾಲದಲ್ಲಿ, ಭಾರ ಏರಿಸುತ್ತಾ ಹೋಗಿ ಅಂದ ಮನುಷ್ಯ. ಈ ಕಥೆ ಎಲ್ಲ ಕೋಚುಗಳೂ ಹೇಳುತ್ತಾರೆ. ನನ್ನ ಕೋಚ್ ಒತ್ತಿ ಹೇಳಿದ್ದು ಇದರ ಮುಂದಿನ ಭಾಗ. ಶುರುವಿನಲ್ಲಿ ಡಿಲೋರ್ಮ್ ಏಳರಿಂದ ಹತ್ತು ಸೆಟ್ ಮಾಡಿಸುತ್ತಿದ್ದರು. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆ ಸೇರಿ ಬರೆಯುವಾಗ ಅದನ್ನು ಮೂರಕ್ಕೆ ಇಳಿಸಿದ್ದರು. ಹತ್ತು ಸಲ ಎತ್ತಬಹುದಾದ ಭಾರದ ಅರ್ಧ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಮುಗೀತು. ತನ್ನದೇ ಲೆಕ್ಕವನ್ನು ಮೂರು ವರ್ಷದಲ್ಲಿ ಅರ್ಧಕ್ಕಿಂತ ಕಮ್ಮಿ ಮಾಡಿಕೊಳ್ಳುವುದು ಸುಮ್ನೆ ಮಾತಲ್ಲ. ನನಗೆ ಒಂದು ಸೆಟ್ ಬಿಡಲು ಬೆನ್ನು ಉಳುಕಬೇಕಾಯಿತು.

ಕೋಚ್ ಆಗಬೇಕು ಅಂತ ನಾನು ಕನಸು ಕಂಡವನಲ್ಲ. ಆಫೀಸಿನಲ್ಲಿ ಒಬ್ಬರು ಕೇಳಿದರು, ಹೇಳಿಕೊಟ್ಟೆ. ಅವರ ತಂಗಿ ಬಂದರು. ಅವರ ಸ್ನೇಹಿತೆ ಬಂದರು. ಯಾರಿಗಾದರೂ ಏನಾದರೂ ಆದರೆ ಅನ್ನುವ ಭಯ ಶುರುವಾದಾಗ ಕೋರ್ಸ್ ಸೇರಿದೆ. ಮೂಳೆ, ಕೀಲು, ಸ್ನಾಯುಗಳ ಹೆಸರು ಬಾಯಿಪಾಠ ಮಾಡಿದೆ, ಗೊಂಬೆಯ ಎದೆ ಒತ್ತಿ ಸಿಪಿಆರ್ ಕಲಿತೆ, ಪರೀಕ್ಷೆ ಪಾಸಾದೆ. ಮೊದಲ ಒಂದು ವರ್ಷ ಕೆಟ್ಟ ಕೋಚ್ ಆಗಿದ್ದೆ.

ಬಂದವರಿಗೆಲ್ಲ ನನ್ನ ಕಥೆಯನ್ನೇ ಔಷಧಿ ಮಾಡಿ ಕೊಡುತ್ತಿದ್ದೆ. ನನಗೆ ಬೋಳು ಬಾರು ಒಳ್ಳೆಯದು ಮಾಡಿತಲ್ಲ, ಎಲ್ಲರಿಗೂ ಬೋಳು ಬಾರು. ನನಗೆ ಬೆನ್ನು ಹೋಗಿತ್ತಲ್ಲ, ಎಲ್ಲರ ಬೆನ್ನಿನ ಬಗ್ಗೆಯೂ ಉಪದೇಶ. 24ರ ಹುಡುಗನೊಬ್ಬ ಬಂದಿದ್ದ. ಅವನ ಬೆನ್ನು ಕಲ್ಲಿನ ಹಾಗಿತ್ತು, ಅವನಿಗೆ ಬೇಕಿದ್ದದ್ದು ಗೆಳೆಯರ ಜೊತೆ ಆಡುವಾಗ ಇನ್ನಷ್ಟು ಜೋರಾಗಿ ಓಡುವುದು. ಎರಡು ತಿಂಗಳು ಅವನನ್ನು ಹಿಡಿದು ಹಿಡಿದು ಇಟ್ಟೆ. ಒಂದು ದಿನ ಬರಲಿಲ್ಲ. ಮೆಸೇಜ್ ಕಳಿಸಿದೆ. ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಅವನಿಗೆ ಕಮ್ಮಿ ಮಾಡಬೇಕಿದ್ದದ್ದು ವ್ಯಾಯಾಮವನ್ನಲ್ಲ, ನನ್ನ ಮಾತನ್ನು.

ಇನ್ನೊಬ್ಬರಿಂದ ಇನ್ನೂ ದೊಡ್ಡ ಪಾಠವಾಯಿತು. ಅವರಿಗೆ 52. ಸೇರುವ ದಿನ ಎಲ್ಲರಿಗೂ ಪಾರ್-ಕ್ಯೂ ಅನ್ನುವ ಪ್ರಶ್ನೆಪಟ್ಟಿ ಕೊಡುತ್ತೇವೆ. 1970ರ ದಶಕದಲ್ಲಿ ಕೆನಡಾದಲ್ಲಿ ಹುಟ್ಟಿದ್ದು. ನಾನು ಕೊಡುತ್ತಿದ್ದ ಹಾಳೆಯಲ್ಲಿ ಏಳು ಪ್ರಶ್ನೆ: ಎದೆನೋವು ಬರುತ್ತಾ, ತಲೆಸುತ್ತು ಬರುತ್ತಾ, ಬಿಪಿಗೋ ಹೃದಯಕ್ಕೋ ಡಾಕ್ಟರು ಮಾತ್ರೆ ಕೊಟ್ಟಿದ್ದಾರಾ, ಹೀಗೆ. ಅವರು ಅರ್ಧ ನಿಮಿಷದಲ್ಲಿ ಏಳಕ್ಕೂ ‘ಇಲ್ಲ’ ಗುರುತು ಹಾಕಿ ಹಾಳೆ ವಾಪಸ್ ಕೊಟ್ಟರು. ನಾನೂ ಅರ್ಧ ನಿಮಿಷದಲ್ಲಿ ಫೈಲಿಗೆ ಸೇರಿಸಿದೆ.

ಟ್ರೆಡ್‌ಮಿಲ್ ಹತ್ತಿಸಿದೆ. ಕೈಗೆ ಎದೆಬಡಿತ ತೋರಿಸುವ ವಾಚ್ ಇತ್ತು. 220ರಿಂದ ವಯಸ್ಸು ಕಳೆದರೆ ಎದೆ ಹೆಚ್ಚೆಂದರೆ ಎಷ್ಟು ಬಡಿಯಬಹುದು ಅಂತ ಸಿಗುತ್ತೆ ಅನ್ನುವ ಸೂತ್ರವಿದೆಯಲ್ಲ, ಅದರ ಪ್ರಕಾರ ಅವರದು 168. ವಾಚ್ ತೋರಿಸುತ್ತಿದ್ದದ್ದು 104. ಇನ್ನೂ ಎಷ್ಟೊಂದು ಜಾಗ ಇದೆ ಅಂದುಕೊಂಡು ವೇಗ ಏರಿಸಿದೆ. ಏನೋ ಕೇಳಿದೆ. ಅವರು ಉತ್ತರ ಶುರು ಮಾಡಿ, ಎರಡು ಪದ ಹೇಳಿ, ನಿಲ್ಲಿಸಿ, ಉಸಿರೆಳೆದು, ಮತ್ತೆ ಎರಡು ಪದ ಹೇಳಿದರು. ತುಟಿಯ ಸುತ್ತ ಬಿಳಿಚಿಕೊಂಡಿತ್ತು. ನಾನು ವಾಚ್ ನೋಡಿದೆ. 106. ಮುಖ ನೋಡಬೇಕಾದ ಹೊತ್ತಿನಲ್ಲಿ ವಾಚ್ ನೋಡಿದೆ.

ಇಳಿಸಿ ಕೂರಿಸಿದೆ. ಸುಧಾರಿಸಿಕೊಂಡ ಮೇಲೆ ಮೆಲ್ಲಗೆ ಕೇಳಿದರೆ ಹೇಳುತ್ತಾರೆ, ‘ಬಿಪಿಗೆ ಒಂದು ಮಾತ್ರೆ ತಗೊಳ್ತೀನಿ ಸರ್, ಎಂಟು ವರ್ಷ ಆಯ್ತು. ಅದೇನು ಕಾಯಿಲೆ ಅಲ್ವಲ್ಲ?’

ಅದು ಬೀಟಾ ಬ್ಲಾಕರ್. ಎದೆಬಡಿತವನ್ನು ಏರಲು ಬಿಡದಿರುವುದೇ ಆ ಮಾತ್ರೆಯ ಕೆಲಸಗಳಲ್ಲಿ ಒಂದು. ಅವರ ದೇಹ ಕಷ್ಟಪಡುತ್ತಿತ್ತು, ಸಂಖ್ಯೆ ಮಾತ್ರ ಆರಾಮಾಗಿತ್ತು. ಅಷ್ಟಕ್ಕೂ ಆ 220ರ ಸೂತ್ರ ಆರೋಗ್ಯವಂತರಿಗೂ ಅಂದಾಜು ಮಾತ್ರ, ಒಂದೇ ವಯಸ್ಸಿನವರಲ್ಲೂ ಹತ್ತು-ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲಿ. ಪರೀಕ್ಷೆಗೆ ಓದಿದ್ದೆ, ಪಾಸಾಗಲು ಸಾಕಾಗುವಷ್ಟು.

ಡಾಕ್ಟರ ಒಪ್ಪಿಗೆ ತಗೊಂಡು ಬನ್ನಿ ಅಂತ ಕಳಿಸಿದೆ, ತಂದರು. ಆಮೇಲೆ ವಾಚ್ ಬಿಚ್ಚಿಟ್ಟು ಬೋರ್ಗ್ ಅಳತೆ ಹಿಡಿದೆವು. ಗುನ್ನಾರ್ ಬೋರ್ಗ್ ಅನ್ನುವ ಸ್ವೀಡನ್ನಿನ ಮನಶ್ಶಾಸ್ತ್ರಜ್ಞರು ಮಾಡಿದ್ದು. ಎಷ್ಟು ಕಷ್ಟವಾಗುತ್ತಿದೆ ಅಂತ ಮಾಡುವವರೇ 6ರಿಂದ 20ರೊಳಗೆ ಒಂದು ಸಂಖ್ಯೆ ಹೇಳಬೇಕು. ಆರರಿಂದ ಯಾಕೆ ಶುರು ಅಂದರೆ, ಹೇಳಿದ ಸಂಖ್ಯೆಗೆ ಒಂದು ಸೊನ್ನೆ ಸೇರಿಸಿದರೆ ಆರೋಗ್ಯವಂತರ ಎದೆಬಡಿತಕ್ಕೆ ಹತ್ತಿರ ಬರಲಿ ಅಂತ. ಇವರಿಗೆ ಆ ಸೊನ್ನೆಯ ಲೆಕ್ಕ ಹೊಂದುವುದಿಲ್ಲ, ಆದರೆ ಅನಿಸಿಕೆ ಹೊಂದುತ್ತದೆ. ‘ಈಗ ಎಷ್ಟು?’ ಅಂದರೆ ‘12 ಸರ್’ ಅನ್ನುತ್ತಾರೆ. ಇಡೀ ವಾಕ್ಯ ಒಂದೇ ಉಸಿರಿಗೆ ಹೇಳಲು ಆಗುತ್ತಾ ಅಂತ ನೋಡುತ್ತೇನೆ. ಅವರು ಮಗಳ ಕಥೆ ಶುರು ಮಾಡುತ್ತಾರೆ. ಕಥೆ ನಿಂತರೆ ವೇಗ ಇಳಿಸುತ್ತೇನೆ. ಇದಕ್ಕಿಂತ ಒಳ್ಳೆಯ ಯಂತ್ರ ನನಗೆ ಸಿಕ್ಕಿಲ್ಲ. ಪ್ರಶ್ನೆಪಟ್ಟಿಯನ್ನು ಈಗ ಕೈಗೆ ಕೊಡುವುದಿಲ್ಲ, ಎದುರಿಗೆ ಕೂತು ಒಂದೊಂದಾಗಿ ಓದುತ್ತೇನೆ. ‘ಇಲ್ಲ’ ಅಂದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಆ ಸುಮ್ಮನಿರುವ ಹೊತ್ತಿನಲ್ಲೇ ಮಾತ್ರೆಗಳು ಹೊರಬರುವುದು.

ಕಳೆದ ವರ್ಷ ಅಮ್ಮನ ವಯಸ್ಸಿನವರೊಬ್ಬರು ಬಂದರು, 63. ತೂಕ ಎಷ್ಟು ಇಳಿಸಿದ್ರಿ ಅಂತ ಅವರು ಕೇಳಲಿಲ್ಲ. ‘ನೆಲದಿಂದ ಏಳೋದು ಹೇಳಿಕೊಡ್ತೀಯಾಪ್ಪ?’ ಅಂದರು. ಮನೆಯಲ್ಲಿ ಒಬ್ಬರೇ ಇದ್ದಾಗ ಕಾಲು ಜಾರಿ ಕೂತುಬಿಟ್ಟಿದ್ದರಂತೆ. ಪೆಟ್ಟೇನೂ ಆಗಿರಲಿಲ್ಲ. ಏಳಲು ಆಗಲಿಲ್ಲ, ಅಷ್ಟೇ. ಮಗ ಬರುವವರೆಗೆ ಒಂದು ಗಂಟೆ ನೆಲದ ಮೇಲೆ ಕೂತಿದ್ದರು. ಮಗನಿಗೆ ಈಗತಾನೇ ಕೂತೆ ಅಂತ ಸುಳ್ಳು ಹೇಳಿದ್ದರು. ಅದನ್ನು ನನಗೆ ಹೇಳುವಾಗ ಬಾಗಿಲ ಕಡೆ ನೋಡಿಕೊಂಡರು.

ಕುರ್ಚಿಯಿಂದ ಶುರು ಮಾಡಿದೆವು. ಕೂರುವುದು, ಏಳುವುದು. ಏಳುವಾಗ ಅವರ ಎರಡೂ ಮಂಡಿ ಒಳಗೆ ಬಾಗಿ ಒಂದಕ್ಕೊಂದು ತಾಗುತ್ತಿದ್ದವು. ನಾನು ಪಾಠ ಒಪ್ಪಿಸಿದೆ: ಮಂಡಿ ಹೊರಗೆ, ಎದೆ ಮೇಲೆ, ಹಿಮ್ಮಡಿ ನೆಲಕ್ಕೆ, ಸೊಂಟ ಬಿಗಿ, ಉಸಿರು ಬಿಡಿ. ಅವರು ಅರ್ಧ ಎದ್ದವರು ಹಾಗೇ ನಿಂತು ನನ್ನ ಮುಖ ನೋಡಿದರು. ‘ಇಷ್ಟೆಲ್ಲ ನೆನಪಿಟ್ಕೊಂಡ್ರೆ ಏಳೋದು ಯಾವಾಗಪ್ಪ?’

ಅವರ ಮಾತಿನಲ್ಲಿ ವಿಜ್ಞಾನವಿತ್ತು. ಸಂಶೋಧಕಿ ಗೇಬ್ರಿಯೆಲೆ ವುಲ್ಫ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟದ ಹಾಗೆ ಅತ್ತಿತ್ತ ಜಾರುವ ಯಂತ್ರದ ಮೇಲೆ ಜನರನ್ನು ನಿಲ್ಲಿಸಿ, ಕೆಲವರಿಗೆ ನಿಮ್ಮ ಪಾದದ ಕಡೆ ಗಮನ ಕೊಡಿ ಅಂದರು, ಕೆಲವರಿಗೆ ಪಾದದ ಕೆಳಗಿರುವ ಚಕ್ರಗಳ ಕಡೆ ಗಮನ ಕೊಡಿ ಅಂದರು. ಚಕ್ರದ ಕಡೆ ಗಮನ ಕೊಟ್ಟವರು ಚೆನ್ನಾಗಿ ಕಲಿತರು. ತನ್ನ ದೇಹವನ್ನೇ ನೋಡುತ್ತಾ ನಿಂತರೆ ದೇಹ ಬಿಗಿದುಕೊಳ್ಳುತ್ತದೆ. ಹೊರಗೆ ಏನೋ ಒಂದು ಕೆಲಸ ಕೊಟ್ಟರೆ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ.

ಮಾರನೆಯ ದಿನ ಅವರ ಕಾಲ ಕೆಳಗೆ ಮ್ಯಾಟ್ ಹಾಸಿ ಒಂದೇ ಮಾತು ಹೇಳಿದೆ. ‘ಏಳುವಾಗ ಎರಡೂ ಪಾದದಿಂದ ಈ ಮ್ಯಾಟನ್ನ ಆಚೆ ಈಚೆ ಎಳೆದು ಹರಿಯೋಕೆ ನೋಡಿ.’

‘ಹರಿದುಹೋದ್ರೆ?’

‘ಹೊಸದು ತರ್ತೀನಿ.’

ಎದ್ದರು. ಮಂಡಿಗಳು ಒಂದನ್ನೊಂದು ಬಿಟ್ಟು ನಿಂತಿದ್ದವು. ಅವರಿಗದು ಗೊತ್ತೇ ಆಗಲಿಲ್ಲ, ಮ್ಯಾಟ್ ನೋಡುತ್ತಿದ್ದರು.

ಆಮೇಲಿನ ಐದು ತಿಂಗಳು ನಾವು ಮಾಡಿದ್ದು ತಗ್ಗಿಸುವ ಕೆಲಸ. ಕುರ್ಚಿಯಿಂದ ಸ್ಟೂಲು. ಸ್ಟೂಲಿನಿಂದ ಒಂದರ ಮೇಲೊಂದು ಇಟ್ಟ ನಾಲ್ಕು ದಿಂಬು. ನಾಲ್ಕು ಮೂರಾಗಲು ಮೂರು ವಾರ. ಮೂರು ಎರಡಾಗಲು ಐದು. ಅದರ ಜೊತೆಗೇ ನೆಲದ ಮೇಲೆ ಮಗ್ಗುಲಾಗುವುದು, ಕೈ ಮಂಡಿ ಊರುವುದು, ಒಂದು ಪಾದ ಮುಂದೆ ತಂದು ಒಂಟಿ ಮಂಡಿಯ ಮೇಲೆ ನಿಲ್ಲುವುದು. ಒಂದು ದಿನ ಹೆಚ್ಚು ಮಾಡಿಸಿದರೆ ಮಂಡಿ ಮುನಿಸಿಕೊಳ್ಳುತ್ತಿತ್ತು, ಮುಂದಿನ ಎರಡು ದಿನ ಹೋಗುತ್ತಿತ್ತು. ಮೂರು ಸಲ ಸರಿಯಾಗಿ ಎದ್ದರೆ ಸಾಕು, ಕುರ್ಚಿ ಎಳೆದು ಕೂರಿಸುತ್ತಿದ್ದೆ. ಇನ್ನೊಂದ್ ಸಲ ಮಾಡ್ತೀನಪ್ಪ ಅಂತ ಅವರು, ಬೇಡಮ್ಮ ಅಂತ ನಾನು. ದಿನಾ ಇದೇ ಜಗಳ.

ಹೋದ ತಿಂಗಳು ಒಂದು ಬೆಳಿಗ್ಗೆ ದಿಂಬಿಲ್ಲದೆ, ಕುರ್ಚಿ ಹಿಡಿಯದೆ ಎದ್ದರು. ಬಲ ಅಂಗೈ ತೊಡೆಯ ಮೇಲೆ ಒತ್ತಿ, ಒಂದು ಕ್ಷಣ ಓಲಾಡಿ, ನಿಂತರು. ನಾನು ಕೈ ಚಾಚಿಕೊಂಡೇ ಇದ್ದೆ, ಮುಟ್ಟಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

‘ಇವತ್ತಿಗೆ ಸಾಕು’ ಅಂದೆ. ಬೆಂಚಿನ ಮೇಲಿದ್ದ ಪುಸ್ತಕ ತೆಗೆದುಕೊಂಡು, ತಾರೀಕು ಹಾಕಿ, ನೆಲದಿಂದ, ಒಂದು ಸಲ ಅಂತ ಬರೆಯುತ್ತಿದ್ದೆ. ಹಿಂದಿನಿಂದ ಮ್ಯಾಟ್ ಸರಿದ ಸದ್ದು ಬಂತು. ತಿರುಗಿ ನೋಡಿದರೆ ಆಗಲೇ ಮತ್ತೆ ನೆಲದ ಮೇಲಿದ್ದರು, ಒಂದು ಪಾದ ಮುಂದಿಟ್ಟುಕೊಂಡು.